ಬ್ರಿಡ್ಜ್ ಕೋರ್ಸ್, ರೆಮಿಡಿಯಲ್ ಕ್ಲಾಸ್‌ನಿಂದ ಉಪಯೋಗ ಆಗ್ತಿದೆಯಾ? ಅಳೆಯುವ ಮತ್ತು ಮುಂದಿನ ವರ್ಷಕ್ಕೆ ಯೋಜನೆ ಹಾಕುವ ಸಮಗ್ರ ಮಾರ್ಗದರ್ಶಿ

ಪದವಿ ಕಾಲೇಜುಗಳಲ್ಲಿ ವರ್ಷಾ ವರ್ಷಾ ಬ್ರಿಡ್ಜ್ ಕೋರ್ಸ್ (ಪಿಯು ಪಾಠಕ್ಕೂ ಪದವಿ ಪಾಠಕ್ಕೂ ಸೇತುವೆಯಾಗುವ ಆರಂಭದ ತರಗತಿಗಳು) ನಡೆಯುತ್ತದೆ. ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ) ಮುಗಿದ ಮೇಲೆ ಹಿಂದುಳಿದವರಿಗೆ ರೆಮಿಡಿಯಲ್ ಕ್ಲಾಸೂ ನಡೆಯುತ್ತದೆ. ಫೋಟೊ, ಹಾಜರಿ ಪಟ್ಟಿ, ವರದಿ ಎಲ್ಲ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ) ಫೈಲಿಗೆ ಸೇರುತ್ತವೆ. ಆದರೆ "ಇದರಿಂದ ಎಷ್ಟು ಮಕ್ಕಳು ದಡ ಸೇರಿದರು?" ಎಂದು ಕೇಳಿದರೆ ಸಭೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೆಚ್ಚಿನ ಸಮಿತಿಗಳು ಎಡವುವುದು ಒಂದೇ ಕಡೆ. ಮೊದಲು ಕಾರ್ಯಕ್ರಮ ಆರಿಸುತ್ತಾರೆ, ಆಮೇಲೆ ಅದಕ್ಕೆ ಹೊಂದುವ ಅಂಕಿಅಂಶ ಹುಡುಕುತ್ತಾರೆ. ಕ್ರಮ ಉಲ್ಟಾ ಆಗಬೇಕು. ಮಕ್ಕಳು ಎಲ್ಲಿ ಬೀಳುತ್ತಿದ್ದಾರೆ ಅನ್ನೋದು ಮೊದಲು ಗೊತ್ತಾಗಬೇಕು. ಯಾಕೆ ಬೀಳುತ್ತಿದ್ದಾರೆ ಅನ್ನೋದು ಎರಡನೆಯದು. ಏನು ಮಾಡೋಣ ಅನ್ನುವ ಮಾತು ಆಮೇಲೆ.

ಇಲ್ಲಿ ಹೇಳಿರುವುದು ಬಿಎ, ಬಿಕಾಂ, ಬಿಎಸ್ಸಿ ಇರುವ, ಮೊದಲ ವರ್ಷಕ್ಕೆ ಕೆಲವು ನೂರು ಮಕ್ಕಳು ಸೇರುವ ಪ್ರಥಮ ದರ್ಜೆ ಕಾಲೇಜನ್ನು ಮನಸ್ಸಿನಲ್ಲಿಟ್ಟುಕೊಂಡು. ಮೂಲ ಕೌಶಲ ಅಂದರೆ ಓದಿ ಅರ್ಥ ಮಾಡಿಕೊಳ್ಳುವುದು, ಬರೆಯುವುದು, ಲೆಕ್ಕ, ಇಂಗ್ಲಿಷ್. ಜೊತೆಗೆ ನೋಟ್ಸ್ ಮಾಡಿಕೊಳ್ಳುವುದು, ಪ್ರಶ್ನೆ ಪತ್ರಿಕೆ ಓದುವುದು ಇಂಥ ಕಾಲೇಜಿನ ರೂಢಿಗಳು.

ಬೇಕಾಗುವ ಸಾಮಾನು

- ಎರಡು ವರ್ಷದ ಹಿಂದೆ ಸೇರಿದ ಬ್ಯಾಚಿನ ಅಡ್ಮಿಷನ್ ರಿಜಿಸ್ಟರ್. ಈಗಿನ ಬ್ಯಾಚಿನದ್ದಲ್ಲ.
- ಅದೇ ಬ್ಯಾಚಿನ ಪಿಯು ಅಂಕಗಳು. ಅರ್ಜಿಯ ಜೊತೆಗಿನ ಮಾರ್ಕ್ಸ್ ಕಾರ್ಡ್ ಜೆರಾಕ್ಸ್‌ನಲ್ಲಿ ಸಿಗುತ್ತವೆ.
- ಸೆಮಿಸ್ಟರ್ ಫಲಿತಾಂಶಗಳು.
- ಈವರೆಗಿನ ಬ್ರಿಡ್ಜ್ ಮತ್ತು ರೆಮಿಡಿಯಲ್ ಹಾಜರಿ ಪಟ್ಟಿಗಳು.
- ಒಂದು ಎಕ್ಸೆಲ್ ಶೀಟ್, ಅದನ್ನು ತಪ್ಪಿಲ್ಲದೆ ತುಂಬುವ ಒಬ್ಬರು.

ದುಬಾರಿ ಸಾಫ್ಟ್‌ವೇರ್ ಬೇಡ. ಬೇಕಿರುವುದು ಕಚೇರಿಯ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಅವರ ಸಹಕಾರ. ಅವರನ್ನು ಮೊದಲ ಸಭೆಗೇ ಕರೆಯಿರಿ. ಯಾವ ದಾಖಲೆ ಯಾವ ಬೀರುವಿನಲ್ಲಿದೆ ಎಂಬುದು ಅವರಿಗೇ ಗೊತ್ತು.

ಹಂತ 1: ಸಣ್ಣ ತಂಡ, ಒಂದೇ ಪ್ರಶ್ನೆ

ಐದು ಜನ ಸಾಕು. ಇಂಗ್ಲಿಷ್, ಕನ್ನಡ, ವಾಣಿಜ್ಯ ಅಥವಾ ಗಣಿತ ವಿಭಾಗದಿಂದ ಒಬ್ಬೊಬ್ಬರು, ಕಚೇರಿಯಿಂದ ಒಬ್ಬರು, ಮೊದಲ ವರ್ಷಕ್ಕೆ ಪಾಠ ಮಾಡುವ ಅತಿಥಿ ಉಪನ್ಯಾಸಕರು ಒಬ್ಬರು. ಕೊನೆಯವರನ್ನು ಬಿಡಬೇಡಿ. ಅನೇಕ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರ್ ನಡೆಯುವುದೇ ಅವರಿಂದ. ಆದರೂ ಸಮಿತಿ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ.

ಮೊದಲ ಸಭೆಯಲ್ಲಿ ಒಂದೇ ಪ್ರಶ್ನೆ ಬರೆದುಕೊಳ್ಳಿ: "ನಮ್ಮಲ್ಲಿ ಸೇರಿದ 100 ಮಕ್ಕಳಲ್ಲಿ ಎಷ್ಟು ಜನ ಎರಡು ಸೆಮಿಸ್ಟರ್‌ಗಳನ್ನು ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇಲ್ಲದೆ ಮುಗಿಸುತ್ತಾರೆ? ಉಳಿದವರು ಎಲ್ಲಿ ನಿಲ್ಲುತ್ತಾರೆ?" ದೂರದೃಷ್ಟಿ, ಧ್ಯೇಯವಾಕ್ಯ ಬರೆಯಲು ಕೂತರೆ ಮೂರು ಸಭೆ ಅದರಲ್ಲೇ ಹೋಗುತ್ತವೆ.

ಹಂತ 2: ಒಂದು ಬ್ಯಾಚಿನ ಬೆನ್ನು ಹತ್ತಿ

ಇಡೀ ಕೆಲಸದ ಬೆನ್ನೆಲುಬು ಇದೇ. ಅವಸರ ಮಾಡಬೇಡಿ.

ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿ. ಕಾಲಂಗಳು ಹೀಗಿರಲಿ: ಪಿಯು ವಿಭಾಗ, ಪಿಯುನಲ್ಲಿ ಓದಿದ ಮಾಧ್ಯಮ, ಪಿಯು ಒಟ್ಟು ಶೇಕಡಾ, ಪಿಯು ಇಂಗ್ಲಿಷ್ ಅಂಕ, ಊರಿನಿಂದ ಬರುತ್ತಾರೋ ಹಾಸ್ಟೆಲಿನಲ್ಲಿದ್ದಾರೋ, ಮೊದಲ ಇಂಟರ್ನಲ್ಸ್ ಬರೆದರೋ ಇಲ್ಲವೋ, ಮೊದಲ ಸೆಮಿಸ್ಟರ್ ಫಲಿತಾಂಶ ವಿಷಯವಾರು, ಎರಡನೇ ಸೆಮಿಸ್ಟರಿಗೆ ಬಂದರೋ ಇಲ್ಲವೋ, ಬ್ರಿಡ್ಜ್ ಕೋರ್ಸಿಗೆ ಎಷ್ಟು ದಿನ ಬಂದಿದ್ದರು. ಹೆಸರಿನ ಬದಲು ರಿಜಿಸ್ಟರ್ ನಂಬರ್ ಹಾಕಿ. ಶೀಟು ನಾಳೆ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು.

ಈಗ ಎಲ್ಲರೂ ಮಾಡುವ ತಪ್ಪು. ಫಲಿತಾಂಶದ ಶೇಕಡಾ ಲೆಕ್ಕ ಹಾಕುವಾಗ ಪರೀಕ್ಷೆ ಬರೆದವರನ್ನು ಮಾತ್ರ ಎಣಿಸುತ್ತಾರೆ. ಒಂದು ಉದಾಹರಣೆ ಹಾಕಿಕೊಳ್ಳಿ. 180 ಜನ ಸೇರಿದರು. 150 ಜನ ಪರೀಕ್ಷೆ ಬರೆದರು. 105 ಜನ ಪಾಸಾದರು. ನೋಟಿಸ್ ಬೋರ್ಡಿನಲ್ಲಿ ಶೇ 70 ಎಂದು ಹೆಮ್ಮೆಯಿಂದ ಬರೆಯುತ್ತೇವೆ. ಸೇರಿದವರ ಲೆಕ್ಕದಲ್ಲಿ ಅದು ಶೇ 58. ನಡುವೆ ಕಾಣೆಯಾದ 30 ಮಕ್ಕಳು ಯಾವ ವರದಿಯಲ್ಲೂ ಇಲ್ಲ. ಬುನಾದಿ ಗಟ್ಟಿಯಿಲ್ಲದ ಮಕ್ಕಳು ಹೆಚ್ಚಾಗಿ ಇರುವುದು ಆ 30ರಲ್ಲೇ. ಹಾಗಾಗಿ ಶೇಕಡಾ ತೆಗೆಯುವಾಗ ಭಾಗಿಸುವ ಸಂಖ್ಯೆ ಯಾವಾಗಲೂ ಸೇರಿದವರದ್ದೇ ಆಗಿರಲಿ.

ಶೀಟು ತುಂಬಿದ ಮೇಲೆ ಮೂರು ಕೋಷ್ಟಕ ಮಾಡಿ.

ಮೊದಲನೆಯದು ಸೋರಿಕೆಯ ಪಟ್ಟಿ. ಸೇರಿದವರು, ಮೊದಲ ಇಂಟರ್ನಲ್ಸ್ ಬರೆದವರು, ಮೊದಲ ಸೆಮಿಸ್ಟರ್ ಪರೀಕ್ಷೆಗೆ ಕೂತವರು, ಎಲ್ಲ ವಿಷಯ ಪಾಸಾದವರು, ಎರಡನೇ ಸೆಮಿಸ್ಟರಿಗೆ ಬಂದವರು. ಪ್ರತಿ ಮೆಟ್ಟಿಲಲ್ಲೂ ಎಷ್ಟು ಜನ ಇಳಿದರು ಅನ್ನೋದು ಕಣ್ಣಿಗೆ ಕಾಣುತ್ತದೆ. ಮೊದಲ ಇಂಟರ್ನಲ್ಸಿಗೆ ಮೊದಲೇ ಹೆಚ್ಚು ಜನ ಹೋಗಿದ್ದರೆ, ಇಂಟರ್ನಲ್ಸ್ ಆದ ಮೇಲೆ ಶುರುವಾಗುವ ರೆಮಿಡಿಯಲ್ ಕ್ಲಾಸ್ ಅವರಿಗೆ ಸಿಗುವುದೇ ಇಲ್ಲ. ಎಷ್ಟೋ ಕಾಲೇಜುಗಳ ಯೋಜನೆ ಈ ಒಂದು ಕೋಷ್ಟಕದಿಂದಲೇ ಬದಲಾಗಬೇಕು.

ಎರಡನೆಯದು, ಯಾವ ವಿಷಯದಲ್ಲಿ ಜಾಸ್ತಿ ಜನ ಫೇಲಾಗುತ್ತಾರೆ ಅನ್ನೋದು. "ನಮ್ಮ ಮಕ್ಕಳಿಗೆ ಇಂಗ್ಲಿಷೇ ಸಮಸ್ಯೆ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ಪಕ್ಕಾ ಆಗಿಬಿಟ್ಟಿರುತ್ತದೆ. ಕೋಷ್ಟಕ ಮಾಡಿದಾಗ ಅಕೌಂಟೆನ್ಸಿಯೋ ಅಂಕಿಅಂಶ ಶಾಸ್ತ್ರವೋ ಮೇಲೆ ಬರಬಹುದು. ನಂಬಿಕೆ ಬೇರೆ, ಎಣಿಕೆ ಬೇರೆ.

ಮೂರನೆಯದು, ಪಿಯು ಅಂಕದ ಗುಂಪುಗಳು. ಶೇ 50ಕ್ಕಿಂತ ಕೆಳಗೆ, 50ರಿಂದ 65, ಅದಕ್ಕಿಂತ ಮೇಲೆ. ಪ್ರತಿ ಗುಂಪಿನಲ್ಲಿ ಎಷ್ಟು ಜನ ದಾಟಿದರು ನೋಡಿ. ಹಂತ 5ರಲ್ಲಿ ಇದು ಬೇಕಾಗುತ್ತದೆ.

ಎಚ್ಚರಿಕೆಯ ಗುರುತು: ಗುಂಪಿನಲ್ಲಿ 10 ಜನ ಮಾತ್ರ ಇದ್ದರೆ ಒಬ್ಬ ವಿದ್ಯಾರ್ಥಿಯಿಂದ ಶೇಕಡಾ ಹತ್ತು ಅಂಕ ಆಚೀಚೆ ಆಗುತ್ತದೆ. ಅಂಥ ಕಡೆ ಶೇಕಡಾ ಬರೆಯಬೇಡಿ, ತಲೆ ಎಣಿಕೆ ಬರೆಯಿರಿ.

ಹಂತ 3: ಪರೀಕ್ಷೆ ಕೊಡಿ, ಅಂಕಕ್ಕಿಂತ ತಪ್ಪುಗಳನ್ನು ನೋಡಿ

ಹೊಸ ಬ್ಯಾಚಿಗೆ ಮೊದಲ ಎರಡು ವಾರದೊಳಗೆ ಒಂದು ಗಂಟೆಯ ಪರೀಕ್ಷೆ ಕೊಡಿ. ಬಹು ಆಯ್ಕೆ ಪ್ರಶ್ನೆಗಳ ಗೂಗಲ್ ಫಾರ್ಮ್ ಸುಲಭ, ನಿಜ. ಆದರೆ ಅದರಲ್ಲಿ ಪಕ್ಕದವನ ಉತ್ತರವೂ ಬರುತ್ತದೆ, ಊಹೆಯೂ ಬರುತ್ತದೆ. ಹಾಳೆಯ ಮೇಲೆ ಬರೆಸಿ.

ಕನ್ನಡದಿಂದ ಶುರು ಮಾಡಿ. ದಿನಪತ್ರಿಕೆಯ ಸಂಪಾದಕೀಯದ ಒಂದು ಭಾಗ ಕೊಡಿ, ಮುಖ್ಯ ಮಾತೇನು ಎಂದು ನಾಲ್ಕು ಸಾಲು ಬರೆಯಲು ಹೇಳಿ. ಆಮೇಲೆ ಅಷ್ಟೇ ಉದ್ದದ ಇಂಗ್ಲಿಷ್ ಭಾಗ. ಕನ್ನಡದಲ್ಲಿ ಚೆನ್ನಾಗಿ ಬರೆದು ಇಂಗ್ಲಿಷಿನಲ್ಲಿ ನಿಂತವರ ಸಮಸ್ಯೆ ಭಾಷೆಯದ್ದು. ಎರಡರಲ್ಲೂ ನಿಂತವರ ಸಮಸ್ಯೆ ಓದಿನದ್ದು. ಇವರಿಬ್ಬರನ್ನೂ ಒಂದೇ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸಿದರೆ ಎರಡನೆಯವರಿಗೆ ಏನೂ ಉಪಯೋಗ ಆಗುವುದಿಲ್ಲ.

ಕಾಲೇಜಿಗೆ ಬಂದವರಿಗೆ ಕನ್ನಡ ಓದಿನ ಪರೀಕ್ಷೆಯಾ ಎಂದು ಸಮಿತಿಯಲ್ಲಿ ಯಾರಾದರೂ ನಕ್ಕರೆ ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ 2023ರ ವರದಿ ತೋರಿಸಿ. ಅದು ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ. ಸುಮಾರು ಕಾಲುಭಾಗ ಮಕ್ಕಳು ತಮ್ಮ ಭಾಷೆಯಲ್ಲೇ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರರು. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಂದವರು ಶೇ 43.3. ಓದಲು, ಭಾಗಿಸಲು ಬಾರದವರಲ್ಲಿ ಪಿಯು ದಾಟಿ ಬಂದವರು ಕಡಿಮೆ ಇರಬಹುದು. ಆದರೆ ನಮ್ಮಲ್ಲಿ ಯಾರೂ ಇಲ್ಲ ಎಂದುಕೊಳ್ಳುವಂತಿಲ್ಲ.

ಲೆಕ್ಕಕ್ಕೆ ಹತ್ತು ಪ್ರಶ್ನೆ ಸಾಕು. ಶೇಕಡಾ, ಭಿನ್ನರಾಶಿ, ಅನುಪಾತ, ಒಂದು ಗ್ರಾಫ್ ಓದುವುದು. ಪ್ರಶ್ನೆಗಳನ್ನು ತಪ್ಪು ಬಯಲಾಗುವ ಹಾಗೆ ಆರಿಸಿ. ಒಂದು ಮಾದರಿ: "ಶೇ 18 ಜಿಎಸ್‌ಟಿ ಸೇರಿ ಬಿಲ್ 1,180 ರೂಪಾಯಿ. ತೆರಿಗೆಗೆ ಮೊದಲಿನ ಬೆಲೆ ಎಷ್ಟು?" ಸರಿ ಉತ್ತರ 1,000. ಯಾರು 967.60 ಎಂದು ಬರೆಯುತ್ತಾರೋ ಅವರಿಗೆ ಶೇಕಡಾ ತೆಗೆಯಲು ಬರುತ್ತದೆ, ಯಾವುದರ ಮೇಲೆ ತೆಗೆಯಬೇಕು ಅನ್ನೋದು ಗೊತ್ತಿಲ್ಲ. ಅವರಿಗೆ ಒಂದೆರಡು ತರಗತಿ ಸಾಕು. ಯಾರು ಹಾಳೆ ಖಾಲಿ ಬಿಡುತ್ತಾರೋ ಅವರ ಕಥೆ ಬೇರೆ. ಇಬ್ಬರಿಗೂ ಸಿಗುವ ಅಂಕ ಸೊನ್ನೆಯೇ. ಅದಕ್ಕೇ ಬರೀ ಅಂಕಪಟ್ಟಿ ಮಾಡಿ ಕೈತೊಳೆದುಕೊಳ್ಳಬೇಡಿ. ಪ್ರತಿ ಪ್ರಶ್ನೆಗೆ ಸರಿ, ಅರ್ಧ ದಾರಿ, ಖಾಲಿ ಎಂದು ಮೂರು ಗುರುತು ಹಾಕಿ.

ತಿದ್ದುವ ಕೆಲಸ ಇಬ್ಬರು ಮಾಡುವುದಾದರೆ ಮೊದಲು ಅದೇ 20 ಹಾಳೆಗಳನ್ನು ಇಬ್ಬರೂ ತಿದ್ದಿ ಹೋಲಿಸಿ. ಬರವಣಿಗೆಯಲ್ಲಂತೂ ಒಬ್ಬರ "ಪರವಾಗಿಲ್ಲ" ಇನ್ನೊಬ್ಬರ "ಫೇಲ್" ಆಗಿರುತ್ತದೆ.

ಇನ್ನೊಂದು ಮಾತು. ಈ ಪರೀಕ್ಷೆಯ ಫಲಿತಾಂಶವನ್ನು 'ಸ್ಲೋ ಲರ್ನರ್ಸ್ ಪಟ್ಟಿ' ಎಂದು ನೋಟಿಸ್ ಬೋರ್ಡಿಗೆ ಅಂಟಿಸಬೇಡಿ. ಆ ಪಟ್ಟಿಯಲ್ಲಿ ಹೆಸರು ಕಂಡ ಹುಡುಗಿ ಕ್ಲಾಸಿಗೆ ಬರುವುದಿಲ್ಲ, ಕಾಲೇಜಿಗೆ ಬರುವುದೂ ಅನುಮಾನ.

ಹಂತ 4: ಬಿಟ್ಟು ಹೋದವರನ್ನು ಕೇಳಿ

ಕೊಠಡಿಯಲ್ಲಿ ಕೂತಿರುವವರಿಂದ ಫೀಡ್‌ಬ್ಯಾಕ್ ಫಾರ್ಮ್ ತುಂಬಿಸುವುದು ಸುಲಭ. "ತುಂಬಾ ಚೆನ್ನಾಗಿತ್ತು" ಎಂದೇ ಬರುತ್ತದೆ. ನಿಮಗೆ ಬೇಕಿರುವುದು ಬಾರದವರ ಮಾತು.

ಹಂತ 2ರ ಶೀಟಿನಲ್ಲಿ ಬ್ರಿಡ್ಜ್ ಕೋರ್ಸಿಗೆ ಬಂದು ಮಧ್ಯದಲ್ಲಿ ನಿಲ್ಲಿಸಿದವರು, ಮೊದಲ ಸೆಮಿಸ್ಟರಿನಲ್ಲೇ ಹೋದವರು ಸಿಗುತ್ತಾರೆ. ಅವರಲ್ಲಿ 15 ಜನಕ್ಕೆ ಫೋನ್ ಮಾಡಿ. "ಯಾಕಮ್ಮಾ ಕಾಲೇಜು ಬಿಟ್ಟೆ?" ಎಂದು ಶುರು ಮಾಡಿದರೆ ಫೋನ್ ಕಟ್. "ಈಗ ಏನು ಮಾಡ್ತಿದ್ದೀಯಮ್ಮಾ, ಆರಾಮಿದ್ದೀಯಾ?" ಎಂದು ಕೇಳಿ. ಆಮೇಲೆ "ಯಾವ ಕ್ಲಾಸು ಕಷ್ಟ ಅನ್ನಿಸ್ತಿತ್ತು, ಆ ಎಕ್ಸ್‌ಟ್ರಾ ಕ್ಲಾಸಿಗೆ ಬರೋಕೆ ಏನು ತೊಂದರೆ ಇತ್ತು?" ಎಂದು ಕೇಳಿ. ಪೋಷಕರು ಫೋನ್ ತೆಗೆದರೆ ದೂರು ಹೇಳಲು ಮಾಡಿದ್ದಲ್ಲ ಎಂದು ಮೊದಲೇ ತಿಳಿಸಿ.

ಬರುವ ಉತ್ತರಗಳಲ್ಲಿ ಅರ್ಧಕ್ಕರ್ಧ ಕಲಿಕೆಗೆ ಸಂಬಂಧವೇ ಇಲ್ಲದವು ಇರಬಹುದು. ಊರಿನ ಕಡೆಯ ಕೊನೆ ಬಸ್ಸು ನಾಲ್ಕಕ್ಕೆ, ರೆಮಿಡಿಯಲ್ ಕ್ಲಾಸು ನಾಲ್ಕೂಕಾಲಿಗೆ. ಮಧ್ಯಾಹ್ನದ ಮೇಲೆ ಅಂಗಡಿ ಕೆಲಸ. ಮದುವೆ. ಸ್ಕಾಲರ್‌ಶಿಪ್ ಬಾರದೆ ಫೀಸು ಕಟ್ಟಿಲ್ಲ. ಇವನ್ನು ಬೇರೆ ಹಾಳೆಯಲ್ಲಿ ಬರೆದು ಪ್ರಾಂಶುಪಾಲರಿಗೆ ಕೊಡಿ. ಬಸ್ಸಿನ ಸಮಸ್ಯೆಗೆ ವ್ಯಾಕರಣದ ವರ್ಕ್‌ಶೀಟ್ ಪರಿಹಾರವಲ್ಲ, ಅಲ್ವಾ?

ಹಂತ 5: ಈಗ ನಡೆಯುತ್ತಿರುವುದನ್ನು ತೂಗಿ

ಬ್ರಿಡ್ಜ್, ರೆಮಿಡಿಯಲ್, ಮೆಂಟರಿಂಗ್, ಸ್ಪೋಕನ್ ಇಂಗ್ಲಿಷ್, ಲ್ಯಾಂಗ್ವೇಜ್ ಲ್ಯಾಬ್. ಏನೇನಿದೆಯೋ ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ: ಯಾರಿಗಾಗಿ ಇತ್ತು, ಅವರಲ್ಲಿ ಎಷ್ಟು ಜನ ಬಂದರು, ಎಷ್ಟು ಗಂಟೆ ಸಿಕ್ಕಿತು, ಆಮೇಲೆ ಅವರ ಸೆಮಿಸ್ಟರ್ ಫಲಿತಾಂಶ ಏನಾಯಿತು.

ಹೋಲಿಕೆಯಲ್ಲಿ ಮೂರು ಬಲೆಗಳಿವೆ.

"ಬ್ರಿಡ್ಜ್ ಕೋರ್ಸಿಗೆ ಪೂರ್ತಿ ಬಂದವರು ಚೆನ್ನಾಗಿ ಪಾಸಾಗಿದ್ದಾರೆ, ಆದ್ದರಿಂದ ಕೋರ್ಸ್ ಯಶಸ್ವಿ" ಎನ್ನುವುದು ಮೊದಲ ಬಲೆ. ಪೂರ್ತಿ ಬರುವ ಮಗು ಹೇಗೂ ಶಿಸ್ತಿನ ಮಗು. ಕೋರ್ಸ್ ಇಲ್ಲದಿದ್ದರೂ ಪಾಸಾಗುತ್ತಿತ್ತೇನೋ.

ಎರಡನೆಯದು ಅದರ ತದ್ವಿರುದ್ಧ. ರೆಮಿಡಿಯಲ್‌ಗೆ ಹೋದವರು ಹೋಗದವರಿಗಿಂತ ಜಾಸ್ತಿ ಫೇಲಾಗಿದ್ದಾರೆ ಎಂದು ಅದನ್ನು ನಿಲ್ಲಿಸುವುದು. ಕಳಿಸಿದ್ದೇ ಹಿಂದುಳಿದವರನ್ನಲ್ಲವೇ?

ಮೂರನೆಯದು ಸೂಕ್ಷ್ಮ. ಪರೀಕ್ಷೆಯಲ್ಲಿ ತೀರಾ ಕಡಿಮೆ ಅಂಕ ತೆಗೆದವರನ್ನು ಆರಿಸಿ, ತಿಂಗಳ ಮೇಲೆ ಅದೇ ಥರ ಪರೀಕ್ಷೆ ಕೊಟ್ಟರೆ ಏನೂ ಕಲಿಸದಿದ್ದರೂ ಸರಾಸರಿ ಸ್ವಲ್ಪ ಏರುತ್ತದೆ. ಅವತ್ತು ಜ್ವರ ಬಂದವರು, ಗಾಬರಿಯಾದವರು ಆ ಗುಂಪಿನಲ್ಲಿದ್ದರು, ಅಷ್ಟೇ. ಫೈಲುಗಳಲ್ಲಿ ಕಾಣುವ 'ಪ್ರೀ ಟೆಸ್ಟ್, ಪೋಸ್ಟ್ ಟೆಸ್ಟ್' ಬಾರ್ ಚಾರ್ಟುಗಳ ಏರಿಕೆಯಲ್ಲಿ ಇದರ ಪಾಲು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಹಾಗಾದರೆ ದಾರಿ? ಹಂತ 2ರ ಪಿಯು ಅಂಕದ ಗುಂಪುಗಳನ್ನು ತೆಗೆಯಿರಿ. ಒಂದೇ ಗುಂಪಿನೊಳಗೆ, ಕ್ಲಾಸಿಗೆ ಬಂದವರು ಮತ್ತು ಬಾರದವರನ್ನು ಹೋಲಿಸಿ. ನೂರಕ್ಕೆ ನೂರು ಸರಿಯಲ್ಲ, ಆದರೂ ಎಷ್ಟೋ ವಾಸಿ. ಅಳತೆಗೋಲು ನೀವೇ ಮಾಡಿದ ಪೋಸ್ಟ್ ಟೆಸ್ಟ್ ಆಗಬಾರದು. ಯೂನಿವರ್ಸಿಟಿ ಪರೀಕ್ಷೆಯ ಆ ವಿಷಯದ ಫಲಿತಾಂಶ ಆಗಬೇಕು.

ಹಂತ 6: ಆಯ್ಕೆ ಮಾಡಿ, ಎರಡಕ್ಕಿಂತ ಹೆಚ್ಚು ಬೇಡ

ಇಲ್ಲಿಗೆ ಬರುವಷ್ಟರಲ್ಲಿ ಎಲ್ಲಿ ಸೋರುತ್ತಿದೆ, ಯಾಕೆ ಸೋರುತ್ತಿದೆ ಗೊತ್ತಾಗಿರುತ್ತದೆ. ಈಗ ಹನ್ನೆರಡು ಕಾರ್ಯಕ್ರಮ ಬರೆಯುವ ಆಸೆ ಬರುತ್ತದೆ. ಎರಡೇ ಇರಲಿ.

ಮುಖ್ಯ ತೀರ್ಮಾನ ಇದು: ಬೆಂಬಲವನ್ನು ಪಾಠಕ್ಕೆ ಮೊದಲು ಕೊಡಬೇಕೋ, ಪಾಠದ ಜೊತೆಗೆ ಕೊಡಬೇಕೋ? ನನ್ನ ಮತ ಜೊತೆಗೆ. ಮೊದಲು ಇದು ಮುಗಿಸಿ, ಆಮೇಲೆ ಅದು ಎಂದು ಮೆಟ್ಟಿಲು ಕಟ್ಟಿದಷ್ಟೂ ಪ್ರತಿ ಮೆಟ್ಟಿಲಲ್ಲಿ ಮಕ್ಕಳು ಕಳೆದುಹೋಗುತ್ತಾರೆ. ಮೂರು ಮೆಟ್ಟಿಲು, ಪ್ರತಿಯೊಂದರಲ್ಲೂ ಶೇ 70 ಜನ ದಾಟುತ್ತಾರೆ ಎಂದಿಟ್ಟುಕೊಳ್ಳಿ. ಕೊನೆಗೆ ಉಳಿಯುವವರು 100ಕ್ಕೆ 34.

ಅಮೆರಿಕದ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳು (ಎರಡು ವರ್ಷದ ಸಾರ್ವಜನಿಕ ಕಾಲೇಜುಗಳು) ಈ ಲೆಕ್ಕವನ್ನು ಕಷ್ಟಪಟ್ಟು ಕಲಿತವು. ಅಲ್ಲಿ ಮಟ್ಟ ಗುರುತಿಸುವ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಹಲವು ಮಟ್ಟದ ಮೂಲ ಕೌಶಲ ಕೋರ್ಸುಗಳನ್ನು ದಾಟಿ ಆಮೇಲೆ ಪದವಿ ಮಟ್ಟದ ಇಂಗ್ಲಿಷ್, ಗಣಿತಕ್ಕೆ ಬರಬೇಕಿತ್ತು. 2017ರಲ್ಲಿ ಎಬಿ 705 ಎಂಬ ಕಾನೂನು ಬಂತು. ವಿದ್ಯಾರ್ಥಿ ಒಂದು ವರ್ಷದೊಳಗೆ ಪದವಿ ಮಟ್ಟದ ಕೋರ್ಸ್ ಮುಗಿಸುವ ಸಾಧ್ಯತೆ ಗರಿಷ್ಠವಾಗಿರಬೇಕು, ಯಾವ ಮಟ್ಟದ ಕೋರ್ಸಿಗೆ ಸೇರಿಸಬೇಕು ಎಂದು ನಿರ್ಧರಿಸಲು ಹೈಸ್ಕೂಲಿನ ಸಾಧನೆಯನ್ನು ನೋಡಬೇಕು ಎಂದಿತು. ಅನೇಕ ಕಾಲೇಜುಗಳು ನೇರ ಪದವಿ ಕೋರ್ಸಿಗೆ ಸೇರಿಸಿ, ಅದರ ಪಕ್ಕದಲ್ಲೇ ಬೆಂಬಲದ ತರಗತಿ ಇಟ್ಟವು. ನಮ್ಮಲ್ಲಿ ಅಂಥ ಮಟ್ಟಗಳ ಸಾಲಿಲ್ಲ. ಆದರೆ ಪಾಠಕ್ಕೂ ಬೆಂಬಲಕ್ಕೂ ಸಂಬಂಧವಿಲ್ಲದ ಹತ್ತು ದಿನದ ಬ್ರಿಡ್ಜ್ ಕೋರ್ಸ್ ಇದೆ.

ಕೆಲಸಕ್ಕೆ ಬರುವ ಒಂದು ರೂಪ: ಬಿಕಾಂ ಮೊದಲ ಸೆಮಿಸ್ಟರಿನ ಅಕೌಂಟೆನ್ಸಿಗೆ ವಾರಕ್ಕೆ ಎರಡು ಗಂಟೆ ಬೆಂಬಲ ತರಗತಿ. ಸೋಮವಾರ ಪಾಠದಲ್ಲಿ ಬರಲಿರುವ ಸವಕಳಿ (ಡಿಪ್ರಿಸಿಯೇಷನ್) ಲೆಕ್ಕಕ್ಕೆ ಬೇಕಾದ ಶೇಕಡಾವನ್ನು ಹಿಂದಿನ ಶುಕ್ರವಾರ ಅಲ್ಲಿ ಮಾಡಿಸುವುದು. ಬಿಎ ಮಕ್ಕಳಿಗೆ ಇತಿಹಾಸದ್ದೇ ಎರಡು ಪುಟ ಕೊಟ್ಟು ಓದಿಸಿ, ಐದು ಅಂಕದ ಉತ್ತರ ಬರೆಸುವುದು. ಕನ್ನಡದಲ್ಲಿ ಪರೀಕ್ಷೆ ಬರೆಯಲು ಅವಕಾಶ ಇರುವ ಕಡೆ ಕನ್ನಡದಲ್ಲೇ ಬರೆಸಿ, ಪಾರಿಭಾಷಿಕ ಪದಗಳನ್ನು ಮಾತ್ರ ಎರಡೂ ಭಾಷೆಯಲ್ಲಿ ಕಲಿಸಿ.

ಎಚ್ಚರಿಕೆಯ ಗುರುತು: ಯೋಜನೆಯಲ್ಲಿ "ಅರಿವು ಮೂಡಿಸುವುದು", "ಪ್ರೇರಣಾ ಉಪನ್ಯಾಸ", "ಒಂದು ದಿನದ ಕಾರ್ಯಾಗಾರ" ಈ ಪದಗಳು ಜಾಸ್ತಿಯಾದರೆ ನೀವು ಫೈಲಿಗಾಗಿ ಬರೆಯುತ್ತಿದ್ದೀರಿ.

ಹಂತ 7: ಟೈಮ್‌ಟೇಬಲ್, ಜನ, ದುಡ್ಡು

ಯೋಜನೆಗಳು ಸಾಯುವುದು ಟೈಮ್‌ಟೇಬಲಿನಲ್ಲಿ. ಬೆಂಬಲ ತರಗತಿ ಮುಖ್ಯ ಟೈಮ್‌ಟೇಬಲಿನ ಒಳಗೇ ಇರಬೇಕು, ಅದೂ ಎರಡು ಪಾಠಗಳ ನಡುವೆ. ಸಂಜೆಗೆ ತಳ್ಳಿದರೆ ಬಸ್ಸು ಗೆಲ್ಲುತ್ತದೆ. ಟೈಮ್‌ಟೇಬಲ್ ಸಮಿತಿ ಕೂರುವ ಮೊದಲೇ ಗಂಟೆಗಳನ್ನು ಕಾಯ್ದಿರಿಸಿ.

ಸೆಮಿಸ್ಟರ್ 16 ವಾರ ಎಂದು ಹಾಳೆಯಲ್ಲಿ ಇರುತ್ತದೆ. ಹಬ್ಬ, ಚುನಾವಣಾ ಡ್ಯೂಟಿ, ಮೌಲ್ಯಮಾಪನ, ಕ್ರೀಡಾಕೂಟ ಕಳೆದು 12 ಉಳಿದರೆ ಪುಣ್ಯ. 12ಕ್ಕೇ ಯೋಜನೆ ಹಾಕಿ. ಅತಿಥಿ ಉಪನ್ಯಾಸಕರ ನೇಮಕ ತಡವಾಗುವ ವರ್ಷಗಳಿರುತ್ತವೆ. ಹಾಗಾಗಿ ಮೊದಲ ಮೂರು ವಾರದ ತರಗತಿಗಳನ್ನು ಕಾಯಂ ಅಧ್ಯಾಪಕರ ಹೆಸರಿಗೆ ಬರೆಯಿರಿ.

ಅಂತಿಮ ವರ್ಷದ ಮಕ್ಕಳಲ್ಲಿ ಕೆಲವರನ್ನು ಸಹಾಯಕ್ಕೆ ತೆಗೆದುಕೊಳ್ಳಬಹುದು. ಐದಾರು ಜೂನಿಯರ್‌ಗಳಿಗೆ ಒಬ್ಬ ಸೀನಿಯರ್. ಅಣ್ಣ, ಅಕ್ಕ ಎಂದು ಕರೆಯುವವರ ಹತ್ತಿರ ಮಕ್ಕಳು ಕೇಳುವ ಪ್ರಶ್ನೆಗಳನ್ನು ನಮ್ಮ ಹತ್ತಿರ ಕೇಳುವುದಿಲ್ಲ. ಆದರೆ ಅವರಿಗೆ ಮೊದಲು ಅರ್ಧ ದಿನ ಕೂರಿಸಿ ಹೇಳಿಕೊಡಿ. ಇಲ್ಲದಿದ್ದರೆ ಸೀನಿಯರ್ ಲೆಕ್ಕ ತಾನೇ ಮಾಡಿ ಕೊಟ್ಟು ಎದ್ದು ಹೋಗುತ್ತಾನೆ.

ದುಡ್ಡಿನ ವಿಷಯ ಚಿಕ್ಕದು: ಜೆರಾಕ್ಸ್, ಸೀನಿಯರ್‌ಗಳಿಗೆ ಸಣ್ಣ ಗೌರವಧನ, ಅಷ್ಟೇ. ಹೊಸ ಕಂಪ್ಯೂಟರ್ ಲ್ಯಾಬ್ ಕೇಳುವ ಮನಸ್ಸಾದರೆ ಈಗಿರುವ ಲ್ಯಾಂಗ್ವೇಜ್ ಲ್ಯಾಬಿನ ಬೀಗ ಕಳೆದ ತಿಂಗಳು ಎಷ್ಟು ಸಲ ತೆರೆಯಿತು ನೋಡಿ.

ಯೋಜನೆಯ ಹಾಳೆ ಒಂದೇ ಪುಟ ಇರಲಿ. ಪ್ರತಿ ಸಾಲಿನಲ್ಲಿ ಕೆಲಸ, ಒಬ್ಬರ ಹೆಸರು, ಮುಗಿಯುವ ದಿನ, ಯಾವ ಅಂಕಿ ಬದಲಾಗಬೇಕು. "ಎಲ್ಲ ವಿಭಾಗಗಳು" ಎಂದು ಬರೆದ ಕೆಲಸ ಯಾರೂ ಮಾಡದ ಕೆಲಸ. ಗುರಿಯೂ ಅಳೆಯುವಂತಿರಲಿ. "ಕಲಿಕೆ ಸುಧಾರಿಸುವುದು" ಗುರಿಯಲ್ಲ. "ಸೇರಿದವರ ಲೆಕ್ಕದಲ್ಲಿ ಅಕೌಂಟೆನ್ಸಿ ಪಾಸಾದವರು ಶೇ 58ರಿಂದ 65ಕ್ಕೆ" ಎಂಬುದು ಗುರಿ.

ಹಂತ 8: ನಡುವೆ ನೋಡಿ, ನಿಲ್ಲಿಸುವುದನ್ನೂ ಬರೆದಿಡಿ

ನಾಲ್ಕನೇ ವಾರ ಹಾಜರಿ ಎಣಿಸಿ. ಯಾರಿಗಾಗಿ ತರಗತಿ ಇಟ್ಟಿದ್ದೆವೋ ಅವರಲ್ಲಿ ಅರ್ಧಕ್ಕಿಂತ ಕಡಿಮೆ ಬರುತ್ತಿದ್ದರೆ ಆಗಲೇ ಸಮಯ ಬದಲಿಸಿ, ಸೆಮಿಸ್ಟರ್ ಮುಗಿಯುವವರೆಗೆ ಕಾಯಬೇಡಿ. ಕ್ಲಾಸು ತುಂಬಿದೆ ಎಂದು ಖುಷಿಪಡುವ ಮೊದಲು ತುಂಬಿದವರು ಯಾರು ನೋಡಿ. ಚೆನ್ನಾಗಿ ಓದುವವರೇ ಬಂದು ಮುಂದಿನ ಬೆಂಚಿನಲ್ಲಿ ಕೂತಿರುವುದುಂಟು. ಮೊದಲ ಇಂಟರ್ನಲ್ಸ್ ಆದ ವಾರವೇ ಬರೆಯದವರ ಪಟ್ಟಿ ತೆಗೆದು ಮೆಂಟರ್‌ಗಳಿಂದ ಫೋನ್ ಮಾಡಿಸಿ.

ಕಾರ್ಯಕ್ರಮ ಶುರು ಮಾಡುವ ದಿನವೇ ಅದನ್ನು ಯಾವಾಗ ನಿಲ್ಲಿಸುತ್ತೇವೆ ಎಂದೂ ಬರೆದು ಸಮಿತಿಯವರೆಲ್ಲ ಸಹಿ ಹಾಕಿ. ಉದಾಹರಣೆಗೆ: ಎರಡು ಬ್ಯಾಚ್ ಆದ ಮೇಲೂ ಅದೇ ಪಿಯು ಅಂಕದ ಗುಂಪಿನಲ್ಲಿ ಬಂದವರಿಗೂ ಬಾರದವರಿಗೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸುವುದು, ಆ ಗಂಟೆಯನ್ನು ಇನ್ನೊಂದಕ್ಕೆ ಕೊಡುವುದು. ಮೊದಲೇ ಬರೆಯದಿದ್ದರೆ ಯಾವ ಕಾರ್ಯಕ್ರಮವೂ ನಿಲ್ಲುವುದಿಲ್ಲ. ಅದನ್ನು ಶುರು ಮಾಡಿದ ಮೇಡಂ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಸುಮ್ನೆ ನಡೆಯುತ್ತಲೇ ಇರುತ್ತದೆ.

ಫಲಿತಾಂಶ ಬಂದ ವಾರವೇ ಹಂತ 2ರ ಶೀಟಿಗೆ ಹೊಸ ಕಾಲಂ ಸೇರಿಸಿ. ಶೀಟಿನ ಒಂದು ಪ್ರತಿ ಕಚೇರಿಯ ಕಂಪ್ಯೂಟರಿನಲ್ಲೂ ಇರಲಿ. ಸಂಯೋಜಕರಿಗೆ ವರ್ಗಾವಣೆ ಆದಾಗ ಅದು ಅವರ ಪೆನ್ ಡ್ರೈವ್ ಜೊತೆ ಹೋಗಿಬಿಟ್ಟರೆ ಹೊಸಬರು ಮತ್ತೆ ಅಡ್ಮಿಷನ್ ರಿಜಿಸ್ಟರಿನಿಂದಲೇ ಶುರು ಮಾಡಬೇಕಾಗುತ್ತದೆ.